ದಪ್ಪ ಮೈ ಅಸಂಯಮದ ಸಾಕ್ಷಿಯೇ?

ಉಪವಾಸದ ವಿಷಯದಲ್ಲಿ ಮಂಗಳೂರಿನ ಮತಗಳ ನಡುವೆ ಭಿನ್ನಾಭಿಪ್ರಾಯವಿಲ್ಲ. ಏಕಾದಶಿಯ ದಿನ ವ್ರತ ಹಿಡಿದ ಮಾಧ್ವರ ಮನೆಗಳಲ್ಲಿ ಅನ್ನ ಬೇಯುವುದಿಲ್ಲ. ರಂಜಾನಿನಲ್ಲಿ ಬಂದರು ಪ್ರದೇಶದ ಬ್ಯಾರಿ ಮುಸ್ಲಿಮರು ಹಗಲಿಡೀ ಒಂದು ಗುಟುಕು ನೀರೂ ಕುಡಿಯುವುದಿಲ್ಲ. ಈಸ್ಟರಿಗೆ ಮುಂಚಿನ ತಪಸ್ಸು ಕಾಲದ ಶುಕ್ರವಾರಗಳಲ್ಲಿ ಕಥೋಲಿಕರು ಮಾಂಸ ಬಿಡುತ್ತಾರೆ. ವ್ರತನಿಷ್ಠ ಜೈನರು ಹೊತ್ತು ಮುಳುಗುವ ಮೊದಲೇ ಊಟ ಮುಗಿಸುತ್ತಾರೆ. ನಾಲಿಗೆಯನ್ನು ಹಿಡಿತದಲ್ಲಿ ಇಡಲಾರದವರಿಗೆ ಮನಸ್ಸನ್ನು ಹಿಡಿಯುವುದೂ ಆಗದು ಎಂಬುದು ಈ ನಾಲ್ಕು ದಾರಿಗಳ ಸಮಾನ ಬೋಧನೆ. ಬೋಧನೆಯೇನೋ ಸರಿಯಾದುದೇ. ಆದರೆ ಅದರ ಬೆನ್ನಿಗೇ ಸಮಾಜ ಇನ್ನೊಂದು ತೀರ್ಮಾನವನ್ನು ಹೇಳದೆ ಕೇಳದೆ ಒಪ್ಪಿಕೊಂಡಿದೆ: ಮೈ ದಪ್ಪಗಿದ್ದರೆ ಆ ಮನುಷ್ಯನಿಗೆ ಸಂಯಮ ಕಡಿಮೆ. ಹೆಣ್ಣು ನೋಡುವಲ್ಲಿ, ಶಾಲೆಯಲ್ಲಿ, ಮದುವೆಯ ಪಂಕ್ತಿಯಲ್ಲಿ, ಒಮ್ಮೊಮ್ಮೆ ವೈದ್ಯರ ಕೊಠಡಿಯಲ್ಲೂ ‘ಸ್ವಲ್ಪ ಬಾಯಿ ಕಟ್ಟಬಾರದೇ?’ ಎಂಬ ಮಾತು ಸಲಹೆಯ ರೂಪದಲ್ಲಿ ಬಂದು ತೀರ್ಪಾಗಿ ನಿಲ್ಲುತ್ತದೆ. ಈ ತೀರ್ಪು ತಪ್ಪು ಎಂಬುದೇ ನನ್ನ ವಾದ. ಕರುಳಿನ ಬ್ಯಾಕ್ಟೀರಿಯಾಗಳ ಬಗ್ಗೆ ಕಳೆದ ಎರಡು ದಶಕಗಳಲ್ಲಿ ತಿಳಿದುಬಂದಿರುವ ಸಂಗತಿಗಳು ಈ ತೀರ್ಪಿನ ತಳಹದಿಯನ್ನು ಅಲುಗಾಡಿಸಿವೆ. ಹಾಗೆಂದು ಸಂಯಮದ ಬೆಲೆ ಇಳಿಯಲಿಲ್ಲ; ಸಂಯಮವನ್ನು ಯಾರಿಂದ ಕೇಳಬೇಕು ಎಂಬ ಪ್ರಶ್ನೆ ಮಾತ್ರ ಬದಲಾಗಿದೆ.

ಮೊದಲು ಧರ್ಮಗ್ರಂಥಗಳು ನಿಜವಾಗಿ ಏನು ಹೇಳಿವೆ ಎಂದು ನೋಡಬೇಕು. ಅತಿಯಾಗಿ ಉಣ್ಣುವವನಿಗೂ ಏನೂ ಉಣ್ಣದವನಿಗೂ ಯೋಗ ಸಿದ್ಧಿಸದು ಎಂಬುದು ಗೀತೆಯ ಆರನೆಯ ಅಧ್ಯಾಯದ ಮಾತಿನ ತಾತ್ಪರ್ಯ. ಹೊಟ್ಟೆಯ ಮೂರನೇ ಒಂದು ಪಾಲು ಆಹಾರಕ್ಕೆ, ಒಂದು ಪಾಲು ನೀರಿಗೆ, ಒಂದು ಪಾಲು ಉಸಿರಿಗೆ ಎಂಬ ಬೋಧನೆ ಪ್ರವಾದಿ ಮುಹಮ್ಮದರ ಮಾತಾಗಿ ಹದೀಸಿನಲ್ಲಿ ಬಂದಿದೆ. ಜೈನರ ಬಾಹ್ಯ ತಪಸ್ಸುಗಳ ಸಾಲಿನಲ್ಲಿ ಉಪವಾಸದ ನಂತರದ ಸ್ಥಾನ ಅವಮೌದರ್ಯಕ್ಕೆ, ಅಂದರೆ ಹಸಿವಿಗಿಂತ ತುಸು ಕಡಿಮೆ ಉಣ್ಣುವುದಕ್ಕೆ. ಆರನೆಯ ಶತಮಾನದ ಪೋಪ್ ಗ್ರೆಗರಿ ಹೊಟ್ಟೆಬಾಕತನವನ್ನು ಪ್ರಧಾನ ಪಾಪಗಳ ಪಟ್ಟಿಯಲ್ಲಿ ಸೇರಿಸಿದ. ಅದಕ್ಕೆ ಐದು ಮುಖಗಳಿವೆ ಎಂದು ಅವನೂ, ಅವನನ್ನು ಅನುಸರಿಸಿ ಥಾಮಸ್ ಅಕ್ವಿನಾಸನೂ ವಿವರಿಸಿದರು: ಹೊತ್ತಿಗೆ ಮುಂಚೆ ಉಣ್ಣುವುದು, ದುಬಾರಿಯದನ್ನೇ ಬಯಸುವುದು, ಹೆಚ್ಚು ಉಣ್ಣುವುದು, ಆತುರದಿಂದ ಮುಕ್ಕುವುದು, ಅಡುಗೆಯಲ್ಲಿ ಅತಿಯಾದ ನಾಜೂಕು ಹುಡುಕುವುದು. ಐದರಲ್ಲಿ ಪ್ರಮಾಣಕ್ಕೆ ಸಂಬಂಧಿಸಿದ್ದು ಒಂದೇ. ಮೈತೂಕಕ್ಕೆ ಸಂಬಂಧಿಸಿದ್ದು ಒಂದೂ ಇಲ್ಲ. ಈ ಎಲ್ಲ ಪರಂಪರೆಗಳು ತೂಗಿನೋಡಿದ್ದು ಉಣ್ಣುವವನ ನಡತೆಯನ್ನೇ ಹೊರತು ಅವನ ಮೈಯನ್ನಲ್ಲ. ತೆಳ್ಳಗಿರುವವನೂ ಹೊಟ್ಟೆಬಾಕನಾಗಿರಬಹುದು, ದಪ್ಪಗಿರುವವನೂ ಮಿತಾಹಾರಿಯಾಗಿರಬಹುದು. ಮೈ ನೋಡಿ ಮನಸ್ಸನ್ನು ಅಳೆಯುವ ಅಭ್ಯಾಸ ಈ ಬೋಧನೆಗಳ ಮೇಲೆ ನಾವು ಹೊರಿಸಿದ ಹೊರೆ.

ಇದಕ್ಕೆ ಬಲವಾದ ಆಧಾರ ಚರಕ ಸಂಹಿತೆಯಲ್ಲೇ ಇದೆ. ಸಮಾಜ ನಿಂದಿಸುವ ಎಂಟು ಬಗೆಯ ದೇಹಗಳನ್ನು ಹೆಸರಿಸುವ ಸೂತ್ರಸ್ಥಾನದ ಇಪ್ಪತ್ತೊಂದನೆಯ ಅಧ್ಯಾಯ ಅತಿಸ್ಥೂಲ ಮತ್ತು ಅತಿಕೃಶ ದೇಹಗಳೆರಡನ್ನೂ ಒಟ್ಟಿಗೇ ತೆಗೆದುಕೊಂಡು, ಬೈಯುವ ಬದಲು ಕಾರಣ ಹುಡುಕುತ್ತದೆ. ಅತಿ ಆಹಾರ, ಸಿಹಿ ಮತ್ತು ಜಿಡ್ಡು, ವ್ಯಾಯಾಮವಿಲ್ಲದಿರುವುದು, ಹಗಲು ನಿದ್ದೆ ಇವುಗಳನ್ನು ಹೇಳಿದ ಮೇಲೆ ಬೀಜಸ್ವಭಾವವನ್ನೂ, ಅಂದರೆ ಹೆತ್ತವರಿಂದ ಬಂದದ್ದನ್ನೂ ಕಾರಣವಾಗಿ ಎಣಿಸುತ್ತದೆ. ಅದಕ್ಕಿಂತ ಮುಖ್ಯವಾದುದು ಮುಂದಿನ ವಿವರಣೆ. ಕೊಬ್ಬು ಮೈಯ ದಾರಿಗಳನ್ನು ಮುಚ್ಚಿದಾಗ ವಾಯು ಹೊಟ್ಟೆಯಲ್ಲೇ ಸುಳಿದಾಡಿ ಜಠರಾಗ್ನಿಯನ್ನು ಊದುತ್ತದೆ, ಆಗ ಉಂಡದ್ದು ಬೇಗ ಕರಗಿ ಮತ್ತೆ ಹಸಿವಾಗುತ್ತದೆ, ಮತ್ತೆ ಉಣ್ಣಬೇಕಾಗುತ್ತದೆ. ಈ ಶರೀರಶಾಸ್ತ್ರದ ವಿವರ ಇಂದಿನದಕ್ಕೆ ಹೊಂದುವುದಿಲ್ಲ, ಹೊಂದಿಸಲು ಹೆಣಗಬೇಕಾಗಿಯೂ ಇಲ್ಲ. ಆದರೆ ಅದರ ಒಳನೋಟ ದೊಡ್ಡದು: ದಪ್ಪ ಮೈಯವನ ಹಸಿವು ಅವನ ದುರಾಸೆಯಲ್ಲ, ಅದೂ ರೋಗದ ಒಂದು ಭಾಗ. ಸುಮಾರು ಎರಡು ಸಾವಿರ ವರ್ಷಗಳ ಹಿಂದಿನ ವೈದ್ಯರು ಕಂಡ ಈ ಸತ್ಯ ನಮ್ಮ ದಿನನಿತ್ಯದ ಮಾತಿಗೆ ಇನ್ನೂ ಇಳಿದಿಲ್ಲ.

ಇನ್ನು ವಿಜ್ಞಾನದ ಸಾಕ್ಷ್ಯ. ಎಪ್ಪತ್ತು ಕಿಲೋ ತೂಕದ ಮನುಷ್ಯನಲ್ಲಿ ಸುಮಾರು 30 ಲಕ್ಷ ಕೋಟಿ ಮಾನವ ಜೀವಕೋಶಗಳಿವೆ. ಅವನೊಳಗೆ ಬದುಕುವ ಬ್ಯಾಕ್ಟೀರಿಯಾಗಳು ಸುಮಾರು 38 ಲಕ್ಷ ಕೋಟಿ ಎಂದು 2016ರ ಲೆಕ್ಕಾಚಾರ ಹೇಳುತ್ತದೆ. ಇವುಗಳಲ್ಲಿ ಹೆಚ್ಚಿನವು ದೊಡ್ಡ ಕರುಳಿನಲ್ಲಿವೆ, ಎಲ್ಲ ಸೇರಿ ತೂಗುವುದು ಸುಮಾರು 200 ಗ್ರಾಂ. ಅಮೆರಿಕದ ಸೇಂಟ್ ಲೂಯಿಯ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಜೆಫ್ರಿ ಗಾರ್ಡನ್ ಅವರ ತಂಡ 2004ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿತು. ಯಾವ ಸೂಕ್ಷ್ಮಜೀವಿಯೂ ಇಲ್ಲದಂತೆ ಬೆಳೆಸಿದ ಇಲಿಗಳಿಗೆ ಸಾಮಾನ್ಯ ಇಲಿಗಳ ಕರುಳಿನ ಬ್ಯಾಕ್ಟೀರಿಯಾ ಕೊಟ್ಟಾಗ, ಮೊದಲಿಗಿಂತ ಕಡಿಮೆ ತಿಂದರೂ ಎರಡೇ ವಾರಗಳಲ್ಲಿ ಅವುಗಳ ಕೊಬ್ಬು ಶೇ 60ರಷ್ಟು ಹೆಚ್ಚಿತು. 2013ರಲ್ಲಿ ಅದೇ ತಂಡ ಒಬ್ಬಾಕೆ ದಪ್ಪಗಿದ್ದು ಇನ್ನೊಬ್ಬಾಕೆ ತೆಳ್ಳಗಿದ್ದ ಅವಳಿ ಸೋದರಿಯರ ಕರುಳಿನ ಬ್ಯಾಕ್ಟೀರಿಯಾಗಳನ್ನು ಇಂಥ ಇಲಿಗಳಿಗೆ ಸೇರಿಸಿತು. ದಪ್ಪಗಿದ್ದವಳ ಬ್ಯಾಕ್ಟೀರಿಯಾ ಪಡೆದ ಇಲಿಗಳು ಹೆಚ್ಚು ಕೊಬ್ಬು ಕಟ್ಟಿಕೊಂಡವು. ಎರಡೂ ಬಗೆಯ ಇಲಿಗಳನ್ನು ಒಂದೇ ಗೂಡಿನಲ್ಲಿಟ್ಟಾಗ ತೆಳ್ಳಗಿದ್ದವಳ ಬ್ಯಾಕ್ಟೀರಿಯಾಗಳು ಇನ್ನೊಂದಕ್ಕೂ ಹರಡಿ ಕೊಬ್ಬು ಏರುವುದನ್ನು ತಡೆದವು. ಆದರೆ ಹಣ್ಣು ತರಕಾರಿ ಹೆಚ್ಚಿರುವ, ಕೊಬ್ಬು ಕಡಿಮೆಯಿರುವ ಆಹಾರ ಕೊಟ್ಟಾಗ ಮಾತ್ರ. ಇಲಿಗಳಿಗೆ ಸಂಯಮವೂ ಇಲ್ಲ, ಅಸಂಯಮವೂ ಇಲ್ಲ. ಅವುಗಳ ನಡುವಿನ ವ್ಯತ್ಯಾಸಕ್ಕೆ ಕಾರಣ ಚಾರಿತ್ರ್ಯದಲ್ಲಿರಲಿಲ್ಲ.

ಇದು ನಡೆಯುವ ಬಗೆಯೂ ಕೆಲಮಟ್ಟಿಗೆ ತಿಳಿದಿದೆ. ಕಾಳು, ಸೊಪ್ಪು, ತವುಡುಳ್ಳ ಅಕ್ಕಿ ಇವುಗಳ ನಾರನ್ನು ನಮ್ಮ ಕರುಳು ಜೀರ್ಣಿಸಲಾರದು. ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಆಮ್ಲಗಳನ್ನು ಮಾಡುತ್ತವೆ. ದೊಡ್ಡ ಕರುಳಿನ ಒಳಪದರಕ್ಕೆ ಬ್ಯುಟಿರೇಟೇ ಮುಖ್ಯ ಆಹಾರ. ಹೊಟ್ಟೆ ತುಂಬಿತೆಂದು ಮಿದುಳಿಗೆ ತಿಳಿಸುವ ಜಿಎಲ್‌ಪಿ-1 ಮುಂತಾದ ಹಾರ್ಮೋನುಗಳು ಹೊರಬರಲೂ ಈ ಆಮ್ಲಗಳು ಪ್ರೇರಣೆ ಕೊಡುತ್ತವೆ. ಇದಕ್ಕಿಂತಲೂ ಆಲೋಚನೆಗೆ ಹಚ್ಚುವ ಸಂಗತಿ ತಾಯಿಯ ಹಾಲಿನಲ್ಲಿದೆ. ಅದರಲ್ಲಿ ಲ್ಯಾಕ್ಟೋಸ್ ಮತ್ತು ಕೊಬ್ಬಿನ ನಂತರ ಅತಿ ಹೆಚ್ಚಾಗಿರುವ ಘನಪದಾರ್ಥ ಒಂದು ಬಗೆಯ ಸಂಕೀರ್ಣ ಸಕ್ಕರೆ. ಅದನ್ನು ಮಗು ಜೀರ್ಣಿಸಿಕೊಳ್ಳಲಾರದು. ಅದು ಮಗುವಿನ ಕರುಳಿನ ಬೈಫಿಡೋಬ್ಯಾಕ್ಟೀರಿಯಾಗಳ ಪಾಲು. ಮೊದಲ ತುತ್ತಿನಿಂದಲೇ ನಮಗೆ ಉಣಿಸುವವರು ನಮ್ಮೊಬ್ಬರಿಗೇ ಉಣಿಸುತ್ತಿಲ್ಲ. ಉಂಡ ಅನ್ನವನ್ನು ಪಚನ ಮಾಡುವುದು ಜೀವಿಗಳ ಒಡಲಲ್ಲಿ ವೈಶ್ವಾನರನಾಗಿ ನೆಲಸಿದ ಭಗವಂತ ಎಂದು ಗೀತೆಯ ಹದಿನೈದನೆಯ ಅಧ್ಯಾಯ ಹೇಳುತ್ತದೆ. ತೈತ್ತಿರೀಯ ಉಪನಿಷತ್ತು ಅನ್ನವನ್ನೂ ಅನ್ನವನ್ನು ಉಣ್ಣುವವನನ್ನೂ ಬೇರೆ ಬೇರೆಯಾಗಿ ನಿಲ್ಲಿಸದೆ ಒಂದರಲ್ಲಿ ಒಂದನ್ನು ಕಾಣುತ್ತದೆ. ಋಷಿಗಳಿಗೆ ಬ್ಯಾಕ್ಟೀರಿಯಾ ಗೊತ್ತಿತ್ತು ಎಂದು ಹೇಳುವುದು ಅಪ್ರಾಮಾಣಿಕತೆ, ಅವರಿಗೆ ಗೊತ್ತಿರಲಿಲ್ಲ. ಆದರೆ ‘ನಾನೇ ಉಂಡೆ, ನಾನೇ ಅರಗಿಸಿಕೊಂಡೆ’ ಎಂಬ ಅಹಂಕಾರ ಸರಿಯಲ್ಲ ಎಂದು ಅವರು ಬೇರೆ ದಾರಿಯಿಂದ ಕಂಡಿದ್ದರು.

ಈ ಸಾಕ್ಷ್ಯದ ಮಿತಿಯನ್ನೂ ಹೇಳದೆ ವಾದ ಮುಂದುವರಿಸುವುದು ನ್ಯಾಯವಲ್ಲ. ದಪ್ಪಗಿರುವವರ ಕರುಳಿನಲ್ಲಿ ಫರ್ಮಿಕ್ಯೂಟ್ಸ್ ಗುಂಪಿನ ಬ್ಯಾಕ್ಟೀರಿಯಾ ಹೆಚ್ಚು, ಬ್ಯಾಕ್ಟೀರಾಯ್ಡೀಟ್ಸ್ ಕಡಿಮೆ ಎಂದು ಆರಂಭದಲ್ಲಿ ಬಂದ ವರದಿ ಬಹಳ ಪ್ರಚಾರ ಪಡೆಯಿತು. ಮುಂದೆ ಹಲವು ಅಧ್ಯಯನಗಳ ದತ್ತಾಂಶವನ್ನು ಒಟ್ಟುಗೂಡಿಸಿ ನೋಡಿದಾಗ ಆ ವ್ಯತ್ಯಾಸ ಸ್ಥಿರವಾಗಿ ನಿಲ್ಲಲಿಲ್ಲ. ನ್ಯೂಜಿಲೆಂಡಿನಲ್ಲಿ ಸ್ಥೂಲಕಾಯದ 87 ಹದಿಹರೆಯದವರ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ತೆಳ್ಳಗಿರುವ ಆರೋಗ್ಯವಂತರ ಕರುಳಿನ ಬ್ಯಾಕ್ಟೀರಿಯಾಗಳನ್ನು ಕ್ಯಾಪ್ಸೂಲಿನಲ್ಲಿ ಕೊಟ್ಟರೂ ಮೈತೂಕ ಇಳಿಯಲಿಲ್ಲ. ಇಲಿಯಲ್ಲಿ ಆದದ್ದು ಮನುಷ್ಯನಲ್ಲಿ ಹಾಗೆಯೇ ಆಗುವುದಿಲ್ಲ. ಆದ್ದರಿಂದ ಬೊಜ್ಜಿಗೆ ಬ್ಯಾಕ್ಟೀರಿಯಾವೇ ಕಾರಣ ಎಂದು ನಾನು ಹೇಳುವುದಿಲ್ಲ. ಪ್ರೊಬಯೋಟಿಕ್ ಗುಳಿಗೆ ನುಂಗಿ ತೆಳ್ಳಗಾಗಬಹುದು ಎಂಬ ಜಾಹೀರಾತಿಗೂ ಈ ಸಾಕ್ಷ್ಯದಲ್ಲಿ ಬೆಂಬಲವಿಲ್ಲ. ನನ್ನ ವಾದಕ್ಕೆ ಬೇಕಾದದ್ದು ಇಷ್ಟೇ: ಒಂದೇ ಬಗೆಯ ಊಟ ಎಲ್ಲ ದೇಹಗಳಲ್ಲೂ ಒಂದೇ ಆಗಿ ಕೂಡುವುದಿಲ್ಲ, ಹಸಿವು ಎಲ್ಲರಿಗೂ ಒಂದೇ ಅಳತೆಯಲ್ಲಿ ಬರುವುದಿಲ್ಲ, ಈ ವ್ಯತ್ಯಾಸದ ದೊಡ್ಡ ಭಾಗ ಮನುಷ್ಯನ ಇಚ್ಛೆಯ ಆಚೆಗಿದೆ. ವಂಶವಾಹಿ, ಹಾರ್ಮೋನು, ನಿದ್ದೆ, ಔಷಧ, ಬ್ಯಾಕ್ಟೀರಿಯಾ ಎಲ್ಲವೂ ಅದರಲ್ಲಿ ಸೇರಿವೆ. ಇಷ್ಟನ್ನು ಇಂದು ಅಲ್ಲಗಳೆಯುವುದು ಕಷ್ಟ.

ಮೊದಲ ಆಕ್ಷೇಪ ಧರ್ಮಶ್ರದ್ಧೆಯುಳ್ಳವರಿಂದ ಬರುತ್ತದೆ, ಅದು ಗಂಭೀರವಾದುದು. ಹಸಿವೂ ನನ್ನದಲ್ಲ, ಕೊಬ್ಬೂ ನನ್ನದಲ್ಲ ಎಂದಾದರೆ ಸಂಯಮಕ್ಕೆ ಅರ್ಥವೇನು? ಎಲ್ಲರೂ ಬ್ಯಾಕ್ಟೀರಿಯಾದ ಮೇಲೆ ಹೊರಿಸಿ ತಟ್ಟೆ ತುಂಬಿಸಿಕೊಳ್ಳುವುದಿಲ್ಲವೇ? ಇದಕ್ಕೆ ಉತ್ತರ ಕೊಡಲು ನೆರವಾಗುವ ವಿಚಾರ ತುಳುನಾಡಿನ ಮಣ್ಣಿನಲ್ಲೇ ಇದೆ. ಉಡುಪಿಯ ಸಮೀಪದ ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರು ಜೀವನಿಗೆ ಕರ್ತೃತ್ವ ಇದೆ ಎಂದರು. ಆದರೆ ಅದು ಸ್ವತಂತ್ರವಲ್ಲ, ಪರಾಧೀನ ಎಂದೂ ಹೇಳಿದರು. ಜೀವ ಏನೂ ಮಾಡುವುದಿಲ್ಲ ಎಂದರೆ ವಿಧಿನಿಷೇಧಗಳು ವ್ಯರ್ಥ. ಎಲ್ಲವನ್ನೂ ತಾನೇ ಮಾಡುತ್ತಾನೆ ಎಂದರೆ ಅದು ಅಹಂಕಾರ. ಅವರ ದೃಷ್ಟಿಯಲ್ಲಿ ಆ ಪರಾಧೀನತೆ ಹರಿಗೆ ಸಂಬಂಧಿಸಿದ್ದು, ಕರುಳಿಗಲ್ಲ. ನಾನು ಎರವಲು ಪಡೆಯುವುದು ಆ ವಿಚಾರದ ಕಟ್ಟಡವನ್ನು ಮಾತ್ರ. ಕರ್ತೃತ್ವ ಪರಾಧೀನವಾದರೂ ನಿಜವಾಗಿರಬಹುದು. ಕರುಳಿನ ಸಂಗತಿಯೂ ಹೀಗೆಯೇ ಇದೆ. ಬ್ಯಾಕ್ಟೀರಿಯಾಗಳು ನಮ್ಮ ಹಸಿವಿನ ಮೇಲೆ ಪ್ರಭಾವ ಬೀರುತ್ತವೆ. ನಾವು ತಿನ್ನುವ ಆಹಾರ ಕೆಲವೇ ದಿನಗಳಲ್ಲಿ ಅವುಗಳ ಸಮುದಾಯವನ್ನು ಬದಲಿಸುತ್ತದೆ. ಸ್ಟ್ಯಾನ್‌ಫರ್ಡ್‌ನಲ್ಲಿ 36 ಜನರ ಮೇಲೆ ಹತ್ತು ವಾರ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊಸರಿನಂಥ ಹುದುಗಿಸಿದ ಆಹಾರಗಳನ್ನು ದಿನವೂ ತಿಂದವರ ಕರುಳಿನ ಬ್ಯಾಕ್ಟೀರಿಯಾ ವೈವಿಧ್ಯ ಹೆಚ್ಚಿ, ಉರಿಯೂತದ ಸೂಚಕಗಳು ಇಳಿದವು. ಹಾಗಾಗಿ ಆಯ್ಕೆಗೆ ಅರ್ಥವಿದೆ. ಆದರೆ ಎಲ್ಲರೂ ಒಂದೇ ಗೆರೆಯಿಂದ ಹೊರಡುವುದಿಲ್ಲ. ಹೊರಟ ಜಾಗವನ್ನು ನೋಡದೆ ತಲುಪಿದ ಜಾಗವನ್ನು ಮಾತ್ರ ನೋಡಿ ಕೊಡುವ ತೀರ್ಪು ಧರ್ಮದ ತೀರ್ಪಲ್ಲ.

ಎರಡನೆಯ ಆಕ್ಷೇಪ ಅನುಭವದ ಬಲದಿಂದ ಬರುತ್ತದೆ. ವ್ರತನಿಷ್ಠರು ತೆಳ್ಳಗಿರುವುದನ್ನು ಕಾಣುತ್ತೇವಲ್ಲ, ಮನಸ್ಸು ಮಾಡಿದರೆ ಯಾರಿಗೂ ಆಗದ್ದೇನಿದೆ ಎಂದು ಕೇಳುವವರಿದ್ದಾರೆ. ಮನಸ್ಸು ಮಾಡಿದರೆ ಒಂದು ಹೊತ್ತಿನ ಊಟ ಬಿಡಬಹುದು, ನಿಜ. ಆದರೆ ತೂಕ ಇಳಿದಾಗ ದೇಹ ಸುಮ್ಮನಿರುವುದಿಲ್ಲ. ಹಸಿವಿನ ಹಾರ್ಮೋನುಗಳನ್ನು ಏರಿಸಿ, ಶಕ್ತಿಯ ಖರ್ಚನ್ನು ತಗ್ಗಿಸಿ ಕಳೆದುಕೊಂಡದ್ದನ್ನು ಮರಳಿ ಪಡೆಯಲು ಹವಣಿಸುತ್ತದೆ. ಒಬ್ಬನಿಗೆ ಸುಲಭವಾದ ಉಪವಾಸ ಇನ್ನೊಬ್ಬನಿಗೆ ದಿನದಿನದ ಯುದ್ಧವಾಗಿರುತ್ತದೆ, ಮತ್ತು ಆ ಯುದ್ಧ ಹೊರಗಿನಿಂದ ಕಾಣುವುದಿಲ್ಲ. ಭಾರತದಲ್ಲಿ 2025ರಲ್ಲಿ ಮಾರುಕಟ್ಟೆಗೆ ಬಂದ ಮೌಂಜಾರೊ ಮತ್ತು ವೆಗೋವಿ ಚುಚ್ಚುಮದ್ದುಗಳು ಕೆಲಸ ಮಾಡುವ ಬಗೆ ಇದನ್ನು ಸ್ಪಷ್ಟಪಡಿಸುತ್ತದೆ. ಅವು ಜಿಎಲ್‌ಪಿ-1 ಹಾರ್ಮೋನಿನ ದಾರಿಯನ್ನು ಹಿಡಿದು ಹಸಿವನ್ನು ತಗ್ಗಿಸುತ್ತವೆ. ಒಂದು ಚುಚ್ಚುಮದ್ದು ಮನುಷ್ಯನ ಚಾರಿತ್ರ್ಯವನ್ನು ತಿದ್ದುವುದಿಲ್ಲ. ಅದರಿಂದ ಹಸಿವು ಇಳಿಯುತ್ತದೆ ಎಂದರೆ ಆ ಹಸಿವು ಚಾರಿತ್ರ್ಯದ ದೋಷವಾಗಿರಲಿಲ್ಲ ಎಂದೇ ಅರ್ಥ. ವ್ರತದ ವಿಷಯದಲ್ಲೂ ಗೀತೆ ಕೊಟ್ಟ ಅಧಿಕಾರ ಕರ್ಮದಲ್ಲಿ, ಫಲದಲ್ಲಲ್ಲ. ಏಕಾದಶಿಯ ಫಲವನ್ನು ತೂಕದ ಯಂತ್ರದ ಮೇಲೆ ಹುಡುಕುವವರು ಏಕಾದಶಿಯನ್ನೂ ಅರ್ಥ ಮಾಡಿಕೊಂಡಿಲ್ಲ.

ರೋಗವನ್ನು ಪಾಪವೆಂದು ಓದುವ ತಪ್ಪು ಮಂಗಳೂರಿಗೆ ಹೊಸದಲ್ಲ, ಅದನ್ನು ತಿದ್ದಿಕೊಂಡ ಇತಿಹಾಸವೂ ಈ ಊರಿಗಿದೆ. ಕುಷ್ಠರೋಗವನ್ನು ಜಗತ್ತಿನ ಅನೇಕ ಸಮಾಜಗಳು ಪಾಪದ ಫಲವೆಂದು ನಂಬಿ ರೋಗಿಯನ್ನು ಊರಾಚೆ ಅಟ್ಟಿದ್ದವು. 1873ರಲ್ಲಿ ನಾರ್ವೆಯ ಹ್ಯಾನ್ಸನ್ ಅದಕ್ಕೆ ಕಾರಣವಾದ ಬ್ಯಾಕ್ಟೀರಿಯಾವನ್ನು ಗುರುತಿಸಿದರು. ಇಲ್ಲಿನ ಕಂಕನಾಡಿಯಲ್ಲಿ 1880ರಲ್ಲಿ ಔಷಧಾಲಯ ಆರಂಭಿಸಿದ ಜೆಸ್ವಿತ್ ಪಾದ್ರಿ ಆಗಸ್ಟಸ್ ಮುಲ್ಲರ್ 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ತೆರೆದರು. ಕಾರಣ ತಿಳಿದಾಗ ಹೀನಾಯಕ್ಕೆ ಆಧಾರವಿಲ್ಲದಾಯಿತು. ಕರುಣೆ ಅದಕ್ಕೂ ಮುಂದೆ ಹೋಗಿ ಬಾಗಿಲು ತೆರೆಯಿತು. ಇಲ್ಲಿ ಮೂರನೆಯ ಆಕ್ಷೇಪ ಏಳುತ್ತದೆ: ಕುಷ್ಠವನ್ನು ಯಾರೂ ಆರಿಸಿಕೊಳ್ಳುವುದಿಲ್ಲ, ಊಟವನ್ನು ಆರಿಸಿಕೊಳ್ಳುತ್ತಾರೆ. ಆಯ್ಕೆಯ ಪಾಲು ಇಲ್ಲಿ ಹೆಚ್ಚು ಎಂಬುದನ್ನು ಒಪ್ಪುತ್ತೇನೆ. ಆದರೆ ಆ ಆಯ್ಕೆ ಎಷ್ಟು ಸ್ವತಂತ್ರ ಎಂಬುದನ್ನೂ ನೋಡಬೇಕು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಅವರ ತಂಡ 20 ಜನರನ್ನು ಒಳರೋಗಿಗಳಂತೆ ಇರಿಸಿಕೊಂಡು ಎರಡು ವಾರ ಕಾರ್ಖಾನೆಯ ಅತಿಸಂಸ್ಕರಿತ ಆಹಾರ, ಎರಡು ವಾರ ಅಡುಗೆಮನೆಯ ಸರಳ ಆಹಾರ ಬಡಿಸಿತು. ಬಡಿಸಿದ ಕ್ಯಾಲೊರಿ, ಸಕ್ಕರೆ, ಕೊಬ್ಬು, ನಾರು ಎರಡರಲ್ಲೂ ಹೆಚ್ಚುಕಡಿಮೆ ಸಮ. ಬೇಕಾದಷ್ಟು ತಿನ್ನುವ ಸ್ವಾತಂತ್ರ್ಯ ಎರಡರಲ್ಲೂ ಇತ್ತು. ಅತಿಸಂಸ್ಕರಿತ ಆಹಾರದ ದಿನಗಳಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು, ಒಂದು ಕಿಲೋದ ಹತ್ತಿರ ತೂಕ ಏರಿಸಿಕೊಂಡರು. 2019ರಲ್ಲಿ ಪ್ರಕಟವಾದ ಈ ಫಲಿತಾಂಶದಲ್ಲಿ ಜನ ಅವರೇ, ಅವರ ಸಂಯಮವೂ ಅದೇ. ಬದಲಾದದ್ದು ಬಡಿಸಿದ ಊಟ.

ಹಾಗಾದರೆ ನೈತಿಕ ಹೊಣೆಯ ದೊಡ್ಡ ಪಾಲು ಉಣ್ಣುವವರಿಂದ ಬಡಿಸುವವರ ಕಡೆಗೆ ಸರಿಯಬೇಕು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019–21ರ ಸುತ್ತಿನಲ್ಲಿ ಕರ್ನಾಟಕದ ವಯಸ್ಕರಲ್ಲಿ, ಹೆಂಗಸರಾಗಲಿ ಗಂಡಸರಾಗಲಿ, ಶೇ 30ರಷ್ಟು ಜನ ಅಧಿಕ ತೂಕದವರು. ಹಿಂದಿನ ಸುತ್ತಿಗಿಂತ ಎರಡೂ ಅಂಕಿ ಏರಿವೆ. ಕೆಲವೇ ವರ್ಷಗಳಲ್ಲಿ ಒಂದು ರಾಜ್ಯದ ಜನರ ಚಾರಿತ್ರ್ಯ ಕೆಡುವುದಿಲ್ಲ. ಅವರ ಸುತ್ತಲಿನ ಊಟ ಮತ್ತು ದುಡಿಮೆ ಬದಲಾಗುತ್ತವೆ. ಕರಾವಳಿಯಲ್ಲಿ ಅದು ಬರಿಗಣ್ಣಿಗೆ ಕಾಣುತ್ತದೆ. ತವುಡಿನ ಕೆಂಪು ಉಳಿದಿರುವ ಕುಚ್ಚಲಕ್ಕಿ ಗಂಜಿ, ಹುರುಳಿ, ಹರಿವೆ, ಬಸಳೆ, ಹಲಸು, ಮೀನು, ಕೊನೆಗೆ ಮಜ್ಜಿಗೆ ಇದ್ದ ಊಟದ ಜಾಗಕ್ಕೆ ಬಿಳಿ ಅಕ್ಕಿ, ಮೈದಾದ ಬೇಕರಿ ತಿಂಡಿ, ಪೊಟ್ಟಣದ ಕುರುಕಲು, ಸಿಹಿ ಪಾನೀಯ ಬಂದಿವೆ. ಹಾಗೆಂದು ಹಳೆಯದೆಲ್ಲ ಅಮೃತ ಎಂಬ ಮಾತನ್ನೂ ನಾನು ಒಪ್ಪುವುದಿಲ್ಲ. ಆಟಿ ತಿಂಗಳ ಪತ್ರೊಡೆ, ತಿಮರೆ ಚಟ್ನಿ, ಕೆಸು, ಕಣಿಲೆಗಳ ಹಿಂದೆ ಮಳೆಗಾಲದ ಹಸಿವಿತ್ತು. ಗಂಜಿಯ ಹಿಂದೆ ಗದ್ದೆಯ ದುಡಿಮೆ ಇತ್ತು. ಕುಳಿತು ಕೆಲಸ ಮಾಡುವವರು ಅಷ್ಟೇ ಅನ್ನ ಉಂಡರೆ ಕುಚ್ಚಲಕ್ಕಿಯೂ ಕಾಯದು. ಇಡ್ಲಿ, ಸಣ್ಣಗಳಲ್ಲಿ ಜೀವಂತ ಬ್ಯಾಕ್ಟೀರಿಯಾ ಇದೆ ಎಂಬ ಮಾತೂ ಸರಿಯಲ್ಲ. ಹಿಟ್ಟನ್ನು ಹುದುಗಿಸಿದ ಬ್ಯಾಕ್ಟೀರಿಯಾಗಳು ಹಬೆಯಲ್ಲಿ ಸಾಯುತ್ತವೆ, ಮಜ್ಜಿಗೆಯಲ್ಲಿ ಬದುಕಿರುತ್ತವೆ. ಹಳೆಯ ಊಟದಿಂದ ಉಳಿಸಿಕೊಳ್ಳಬೇಕಾದದ್ದು ಅದರ ನಾರು ಮತ್ತು ವೈವಿಧ್ಯವನ್ನು, ಅದರ ಬಡತನವನ್ನಲ್ಲ.

ಈ ಹೊಣೆ ನಮ್ಮ ತಲೆಮಾರಿಗೇ ಮುಗಿಯುವುದಿಲ್ಲ. ಸ್ಟ್ಯಾನ್‌ಫರ್ಡ್‌ನ ಸೋನೆನ್‌ಬರ್ಗ್ ದಂಪತಿಯ ತಂಡ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮನುಷ್ಯರ ಕರುಳಿನ ಬ್ಯಾಕ್ಟೀರಿಯಾ ಸೇರಿಸಿದ ಇಲಿಗಳಿಗೆ ನಾರು ಕಡಿಮೆಯಿರುವ ಆಹಾರ ಕೊಟ್ಟು ಹಲವು ತಲೆಮಾರು ಸಾಕಲಾಯಿತು. ಮೊದಲ ತಲೆಮಾರಿನಲ್ಲಿ ಕುಂದಿದ ವೈವಿಧ್ಯ ಸರಿಯಾದ ಆಹಾರ ಕೊಟ್ಟಾಗ ಬಹುಮಟ್ಟಿಗೆ ಮರಳಿತು. ನಾಲ್ಕನೆಯ ತಲೆಮಾರಿನ ಹೊತ್ತಿಗೆ ಕೆಲವು ಬಗೆಯ ಬ್ಯಾಕ್ಟೀರಿಯಾಗಳು ಆ ವಂಶದಿಂದಲೇ ಮಾಯವಾಗಿದ್ದವು; ಎಷ್ಟು ನಾರು ಕೊಟ್ಟರೂ ಹಿಂತಿರುಗಲಿಲ್ಲ. ಮನುಷ್ಯರಲ್ಲಿ ಹೀಗೆಯೇ ಆಗುತ್ತದೆ ಎಂದು ಈ ಒಂದು ಪ್ರಯೋಗದಿಂದ ಹೇಳಲಾಗದು. ಆದರೆ ಎಚ್ಚರಿಕೆಗೆ ಇದು ಸಾಕು. ಮಾಡದ ಕರ್ಮದ ಫಲವನ್ನು ಮಗು ಯಾಕೆ ಉಣ್ಣಬೇಕು ಎಂಬುದು ಕರ್ಮಸಿದ್ಧಾಂತದ ಹಳೆಯ ಪ್ರಶ್ನೆ. ಅದಕ್ಕೆ ಹಿಂದಿನ ಜನ್ಮದ ಉತ್ತರವನ್ನು ನಂಬುವವರು ನಂಬಲಿ. ದಪ್ಪಗಿರುವ ಮಗುವಿನ ವಿಷಯದಲ್ಲಿ ಈ ಜನ್ಮದ್ದೇ ಒಂದು ಉತ್ತರ ಕಣ್ಣೆದುರಿಗಿದೆ: ಆ ಮಗು ಹುಟ್ಟುವ ಮೊದಲೇ ಅದರ ಮನೆಯ ಅಡುಗೆ, ಊರಿನ ಅಂಗಡಿ, ಶಾಲೆಯ ಎದುರಿನ ಗೂಡಂಗಡಿ ಎಲ್ಲ ನಿರ್ಧಾರವಾಗಿದ್ದವು. ಅದನ್ನು ನಿರ್ಧರಿಸಿದವರು ದೊಡ್ಡವರು. ಹೀಯಾಳಿಕೆ ಕೇಳುವುದು ಮಗು. ಇದಕ್ಕಿಂತ ದೊಡ್ಡ ಅನ್ಯಾಯವನ್ನು ಧರ್ಮದ ಹೆಸರಿನಲ್ಲಿ ಸಮರ್ಥಿಸಲಾಗದು.

ಮಂಗಳೂರಿನಲ್ಲೂ ಅದರ ಸುತ್ತಲಿನ ಸೀಮೆಯಲ್ಲೂ ಸಾಮೂಹಿಕವಾಗಿ ಊಟ ಬಡಿಸುವ ಕೈಗಳಲ್ಲಿ ಧರ್ಮಸಂಸ್ಥೆಗಳದು ದೊಡ್ಡ ಪಾಲು. ಕಟೀಲು, ಧರ್ಮಸ್ಥಳಗಳಿಂದ ಕುದ್ರೋಳಿಯವರೆಗೆ ಅನ್ನಪ್ರಸಾದವಿದೆ, ಮಸೀದಿಗಳಲ್ಲಿ ಇಫ್ತಾರ್ ಇದೆ, ಚರ್ಚುಗಳಲ್ಲಿ ಹಬ್ಬದ ಊಟವಿದೆ. ಸೆಪ್ಟೆಂಬರ್ 8ರ ಮೊಂತಿ ಹಬ್ಬದಂದು ಕೊಂಕಣಿ ಕಥೋಲಿಕರು ಹೊಸ ತೆನೆಯೊಂದಿಗೆ ಬಗೆಬಗೆಯ ತರಕಾರಿಗಳ ಸಸ್ಯಾಹಾರದ ಊಟ ಮಾಡುತ್ತಾರೆ. ತುಳುವರ ಹೊಸಕ್ಕಿ ಊಟದ ಆಶಯವೂ ಅದೇ. ಧಾನ್ಯ, ಸೊಪ್ಪು, ಕಾಳುಗಳನ್ನು ಪವಿತ್ರವೆಂದು ಕಾಣುವ ಈ ಪರಂಪರೆ ವರ್ಷಕ್ಕೊಂದು ದಿನಕ್ಕೆ ನಿಲ್ಲಬೇಕಾಗಿಲ್ಲ. ಅನ್ನಪ್ರಸಾದದ ಎಲೆಯಲ್ಲಿ ಕುಚ್ಚಲಕ್ಕಿ, ಕಾಳು ಪಲ್ಯ, ಮಜ್ಜಿಗೆ ಹೆಚ್ಚಲಿ, ಸಕ್ಕರೆ ಕಡಿಮೆಯಾಗಲಿ. ಇಫ್ತಾರಿನ ಮೇಜಿನಲ್ಲಿ ಕರಿದ ತಿಂಡಿಗಿಂತ ಹಣ್ಣು ಮುಂದಿರಲಿ. ಪ್ರವಚನ, ಖುತ್ಬಾ, ಉಪದೇಶಗಳಲ್ಲಿ ಸಂಯಮದ ಮಾತು ಬಂದಾಗ ಅದು ಬಡಿಸುವವರಿಗೂ ಮಾರುವವರಿಗೂ ಜಾಹೀರಾತು ಮಾಡುವವರಿಗೂ ತಲುಪಲಿ. ಪಂಕ್ತಿಯಲ್ಲಿ ಪಕ್ಕದಲ್ಲಿ ಕುಳಿತವರ ಮೈ ನೋಡಿ ಅವರ ಮನಸ್ಸಿನ ಬಗ್ಗೆ ತೀರ್ಪು ಕೊಡುವುದನ್ನು ಇಂದೇ ನಿಲ್ಲಿಸೋಣ. ಅಷ್ಟನ್ನು ಮಾಡಲು ಯಾವ ಸಂಶೋಧನೆಗೂ ಕಾಯಬೇಕಾಗಿಲ್ಲ.